ಚಳಿ ಎಂದು ಹೆಸರಿಟ್ಟ ಅಂಕಿ

ಅಕ್ಟೋಬರ್ 14, ಸೋಮವಾರ

ಟೈರ್ ಮಾರುವವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಒಂಬತ್ತು ತಿಂಗಳು ಅಡುಗೆಮನೆಯಲ್ಲಿ ಬಿಸಿ ಪಾತ್ರೆಯ ಕೆಳಗೆ ಮಲಗಿತ್ತು. ಇವತ್ತಿನಿಂದ ಬರೆಯುತ್ತೇನೆ. ಗಾಡಿ ಕಟ್ಟುವ ನಮ್ಮ ಶೆಡ್ಡಿನ ವರದಿಯಲ್ಲಿ ಬರೆಯಲಾಗದ ಮಾತುಗಳು ಇವತ್ತೊಂದೇ ದಿನ ನಾಲ್ಕೈದು ಸಲ ನಾಲಿಗೆಯ ತುದಿಗೆ ಬಂದವು. ನುಂಗಿದರೆ ಸಂಕಟ, ಆಡಿದರೆ ಕೆಲಸಕ್ಕೆ ಕುತ್ತು.

ನಮ್ಮ ಬ್ಯಾಟರಿ ವ್ಯಾನ್ ಇವತ್ತು ಟ್ರಯಲ್‌ಗೆ ಇಳಿಯಿತು. ಹತ್ತು ಸೀಟು, ಅದರಲ್ಲಿ ಎರಡು ಒರಗಿ ಮಲಗುವಂಥವು. ಕಿಡ್ನಿ ಕೆಟ್ಟವರನ್ನು ವಾರಕ್ಕೆ ಮೂರು ದಿನ ಘಾಟಿ ಹತ್ತಿಸಿ ಮೇಲಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು, ನಾಲ್ಕು ಗಂಟೆ ಡಯಾಲಿಸಿಸ್ ಮುಗಿಯುವವರೆಗೆ ಕಾಯಬೇಕು, ಸಂಜೆ ಕೆಳಗೆ ತಂದು ಬಿಡಬೇಕು. ಹೋಗುವುದು ಅರವತ್ತೆಂಟು ಕಿಲೋಮೀಟರ್, ಬರುವುದೂ ಅಷ್ಟೇ. ಬ್ಯಾಟರಿಯಲ್ಲಿ ಹಿಡಿಯುವುದು ಐವತ್ತು ಯೂನಿಟ್. ಮೇಲೆ ಚಾರ್ಜ್ ಮಾಡಲು ಕಂಬ ನೆಟ್ಟಿದ್ದಾರೆ, ತಂತಿ ಇನ್ನೂ ಬಂದಿಲ್ಲ. ಬೆಳಿಗ್ಗೆ ತುಂಬಿಸಿದ್ದರಲ್ಲೇ ಹೋಗಿ ಬರಬೇಕು.

ನನ್ನ ಕೆಲಸ ಡ್ರೈವರ್ ಎದುರಿನ ಸ್ಕ್ರೀನಿನಲ್ಲಿ ಕಾಣುವ ಒಂದೇ ಒಂದು ಅಂಕಿ: ಇನ್ನೆಷ್ಟು ಕಿಲೋಮೀಟರ್ ಓಡುತ್ತದೆ. ಅದರ ಹಿಂದೆ ಏರು, ಇಳಿಜಾರು, ಗಾಳಿ, ಭಾರ, ಹೀಟರ್, ಡ್ರೈವರನ ಕಾಲು, ಎಲ್ಲದರ ಅಂದಾಜೂ ಇರುತ್ತದೆ. ಅದಕ್ಕೇ ಶೆಡ್ಡಿನಲ್ಲಿ ನನಗೆ ಕಣಿ ಮೇಡಂ ಎಂದು ಹೆಸರು. ಎದುರಿಗೆ ಯಾರೂ ಕರೆಯುವುದಿಲ್ಲ, ಆದರೆ ನನ್ನ ಟೀ ಲೋಟದ ಮೇಲೆ ಯಾರೋ ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ.

ಆಸ್ಪತ್ರೆಯವರ ಷರತ್ತು ಹೀಗಿದೆ. ಮೇಲಿಂದ ಹೊರಡುವಾಗಲೇ ಸ್ಕ್ರೀನು, ಶೆಡ್ ಮುಟ್ಟಿದಾಗ ಎಷ್ಟು ಕಿಲೋಮೀಟರ್ ಉಳಿದಿರುತ್ತದೆ ಎಂದು ಹೇಳಬೇಕು. ಮುಟ್ಟಿದಾಗ ನಿಜವಾಗಿ ಉಳಿದದ್ದಕ್ಕೂ ಅದಕ್ಕೂ ಐದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ನವೆಂಬರ್ 29ರಂದು ಅವರೇ ಕೂತು ನೋಡುತ್ತಾರೆ. ಒಪ್ಪಿದರೆ ಹನ್ನೆರಡು ವ್ಯಾನಿನ ಆರ್ಡರ್. ಒಪ್ಪದಿದ್ದರೆ ನಾವು ಹತ್ತೊಂಬತ್ತು ಜನ ಮತ್ತೆ ಟ್ರೈಲರ್‌ಗಳಿಗೆ ಬೆಸುಗೆ ಹಾಕುತ್ತಾ ಕೂರಬೇಕು, ಅದೂ ಶೆಡ್ಡು ಉಳಿದರೆ.

ಡ್ರೈವರ್ ನಮ್ಮಪ್ಪ. ಇದೇ ಘಾಟಿಯಲ್ಲಿ ಮೂವತ್ತೊಂದು ವರ್ಷ ಬಸ್ ಓಡಿಸಿದವನು, ಯಾರಿಗೂ ಒಂದು ಗೀರು ಆಗದ ಹಾಗೆ. ಅಮ್ಮ ಹೋದ ಮೇಲೆ ಎರಡು ವರ್ಷ ಗಡ್ಡವನ್ನೂ ಸರಿಯಾಗಿ ತೆಗೆಯದೆ ಕಿಟಕಿ ಪಕ್ಕ ಕೂತಿದ್ದ. ಘಾಟಿ ಗೊತ್ತಿರುವ ಡ್ರೈವರ್ ಬೇಕಾದರೆ ನಮ್ಮ ಮನೆಯಲ್ಲೇ ಇದ್ದಾರೆ ಎಂದು ನಾನೇ ಮ್ಯಾನೇಜರಿಗೆ ಹೇಳಿದೆ. ಡಾಕ್ಟರ ಸರ್ಟಿಫಿಕೇಟ್ ಆಮೇಲೆ ತಂದುಕೊಡಿ ಎಂದರು. ಆಮೇಲೆ ಎಂದರೆ ಯಾವಾಗ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಅಪ್ಪ ನುಣ್ಣಗೆ ಗಡ್ಡ ತೆಗೆದು, ಶರ್ಟಿಗೆ ತಾನೇ ಇಸ್ತ್ರಿ ಹಾಕಿಕೊಂಡು ಹೊರಟ.

ಇಳಿಜಾರಿನಲ್ಲಿ ಈ ಗಾಡಿಯ ಗುಟ್ಟೊಂದಿದೆ. ತಿರುವು ದೂರದಲ್ಲಿ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ, ಹಾಗೆ ಹಿಡಿಯುವಾಗ ಕರೆಂಟು ಬ್ಯಾಟರಿಗೆ ವಾಪಸ್ ಬರುತ್ತದೆ. ಕೊನೇ ಗಳಿಗೆಯಲ್ಲಿ ಬ್ರೇಕ್ ತುಳಿದರೆ ಅದೆಲ್ಲ ಚಕ್ರದಲ್ಲಿ ಬಿಸಿಯಾಗಿ ಹೋಗುತ್ತದೆ. ಇದನ್ನು ಅಪ್ಪನಿಗೆ ಹೇಳಿಕೊಡಲು ಚಿತ್ರ ಬರೆದುಕೊಂಡು ಹೋಗಿದ್ದೆ.

“ಡೀಸೆಲ್ ಬಸ್ಸಲ್ಲೂ ಇಷ್ಟೇ ಕಣೇ,” ಅಂದ. “ಕಾಲು ಮೊದ್ಲೇ ಎತ್ತಬೇಕು. ಬ್ರೇಕ್ ಇರೋದು ಹೆದರೋರಿಗೆ.”

ಮೊದಲ ದಿನವೇ ಇಳಿಜಾರಿನಲ್ಲಿ ನಾಲ್ಕೂವರೆ ಯೂನಿಟ್ ವಾಪಸ್ ತಂದ. ಸ್ಕ್ರೀನು 24 ಉಳಿಯುತ್ತದೆ ಎಂದಿತ್ತು, ಉಳಿದದ್ದು 25.

“ಎಷ್ಟು ತಪ್ಪು ಇವತ್ತು?” ಎಂದು ಶೆಡ್ಡಿನ ಬಾಗಿಲಲ್ಲೇ ಕೇಳಿದ.

“ಒಂದು ಕಿಲೋಮೀಟರ್.”

“ಯಾರ ಕಡೆಗೆ?”

ಹೆಚ್ಚು ಉಳಿದರೆ ಅವನ ಕಾಲಿನ ಗೆಲುವು, ಕಡಿಮೆ ಉಳಿದರೆ ನನ್ನ ಕಣಿಯ ಗೆಲುವು. ನಿಯಮ ಅವನೇ ಮಾಡಿದ್ದು. ಗೆದ್ದವನ ಮುಖ ನೋಡಬೇಕಿತ್ತು.

ಅಕ್ಟೋಬರ್ 18, ಶುಕ್ರವಾರ

ಮೂರು ಓಡಾಟ ಮುಗಿಯಿತು. ತಪ್ಪು ಒಂದು, ಸೊನ್ನೆ, ಎರಡು. ನಾಲ್ಕು ಜನ ರೋಗಿಗಳು, ಅವರನ್ನು ನೋಡಿಕೊಳ್ಳಲು ಒಬ್ಬ ಸಿಸ್ಟರ್. ರೋಗಿಗಳಲ್ಲಿ ಒಬ್ಬರು ನಿವೃತ್ತ ಲೆಕ್ಕದ ಮೇಷ್ಟ್ರು. ನಾನು ಸ್ಕ್ರೀನ್ ನೋಡಲು ಬಾಗಿದಾಗ ಹಿಂದಿನಿಂದ ಹೇಳಿದರು, “ನಿಮ್ಮ ಸ್ಕ್ರೀನು ನಮ್ಮ ಡಾಕ್ಟ್ರಿಗಿಂತ ವಾಸಿ. ಇನ್ನೆಷ್ಟು ಅಂತ ಕೇಳಿದ್ರೆ ಒಂದು ಅಂಕಿನಾದ್ರೂ ಹೇಳ್ತದೆ.” ನಗಬೇಕೋ ಬೇಡವೋ ತಿಳಿಯದೆ ಸ್ಕ್ರೀನನ್ನೇ ಒರೆಸಿದೆ.

ನಿನ್ನೆ ಗಾಡಿ ಇಲ್ಲದ ದಿನ. ಐದೂವರೆಗೆ ಮನೆಗೆ ಬಂದರೆ ಮನೆಯಿಡೀ ದೀಪ. ಹೊರಗೆ ಇನ್ನೂ ಬೇಕಾದಷ್ಟು ಬೆಳಕು. ಮೆಟ್ಟಿಲಿನ ದೀಪ ಕೂಡ ಉರಿಯುತ್ತಿತ್ತು. ಊರಿಗೆಲ್ಲ ಯೂನಿಟ್ ಉಳಿಸುವ ಬುದ್ಧಿ ಹೇಳುವವಳ ಮನೆಯಲ್ಲೇ ಹೀಗೆ ಎಂದು ಗೊಣಗುತ್ತಾ ಒಂದೊಂದನ್ನೇ ಆರಿಸಿದೆ. ಅಪ್ಪ ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದು ಅಂಗಳಕ್ಕೆ ಹೋಗಿ ಕೂತ.

ಅಕ್ಟೋಬರ್ 28, ಸೋಮವಾರ

ಸ್ಕ್ರೀನು 24 ಎಂದಿತು, ಉಳಿದದ್ದು 18. ಆರು ತಪ್ಪು. ಶುಕ್ರವಾರ ನಾಲ್ಕಿತ್ತು.

ಮ್ಯಾನೇಜರ್ ಕರೆಸಿದರು. ಅವರಿಗೆ ಶೆಡ್ಡಿನಲ್ಲಿ ದುಂಡಂಕಿ ಎಂದು ಹೆಸರು, ಯಾವ ಅಂಕಿಯಾದರೂ ಸೊನ್ನೆಯಲ್ಲಿ ಮುಗಿಯಬೇಕು ಅವರಿಗೆ. “ಏನ್ ಮೇಡಂ, ಮೊದಲನೇ ವಾರ ಅಷ್ಟು ಚೆನ್ನಾಗಿತ್ತು. ಬೇಸಾಯಕ್ಕೆ ಮೋಡ ನೋಡಿದ ಹಾಗೆ ಆಯ್ತಲ್ಲ ನಿಮ್ಮ ಕೆಲಸ,” ಎಂದರು. ಚಳಿ ಶುರುವಾಗಿದೆ ಸರ್, ಚಳಿಗೆ ಬ್ಯಾಟರಿ ಸ್ವಲ್ಪ ಸೊರಗುತ್ತದೆ, ನೋಡುತ್ತೇನೆ ಎಂದೆ. ಬೆಳಗಿನ ಹೊತ್ತು ಚಳಿ ಇರುವುದು ನಿಜ.

ಅಪ್ಪ ಕೇಳಿದಾಗ ಆರು, ನನ್ನ ಕಡೆಗೆ ಎಂದೆ. ಅವನು ನಗಲಿಲ್ಲ. ಕೈ ತೊಳೆಯಲು ಹೋದವನು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದ.

ನವೆಂಬರ್ 1, ಶುಕ್ರವಾರ

ಎಂಟು ತಪ್ಪು. ಟೈರುಗಳ ಗಾಳಿ ನೋಡಿದೆ, ಸರಿಯಿದೆ. ಹೀಟರ್ ಎಷ್ಟು ಎಳೆಯುತ್ತದೆಂದು ಅಳೆದೆ, ಹೇಳಿದಷ್ಟೇ ಎಳೆಯುತ್ತದೆ. ಬ್ಯಾಟರಿಯವನು ಬಂದು ಒಂದೊಂದು ಸೆಲ್ ಕಟ್ಟನ್ನೂ ಪರೀಕ್ಷಿಸಿ, “ನಮ್ಮ ಮಾಲಲ್ಲಿ ಏನೂ ದೋಷ ಇಲ್ಲ, ನಿಮ್ಮ ಲೆಕ್ಕದಲ್ಲೇ ಎಲ್ಲೋ ಇದೆ,” ಎಂದು ಹೇಳಿ ನನ್ನದೇ ಟೀ ಕುಡಿದು ಹೋದ.

ವಿಚಿತ್ರವೆಂದರೆ ಹತ್ತುವಾಗ ತಪ್ಪೇ ಇಲ್ಲ. ಬೆಳಗ್ಗಿನ ಅಂದಾಜು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಎಲ್ಲ ನಷ್ಟವೂ ಸಂಜೆ ಇಳಿಯುವಾಗ.

ಸಂಜೆ ಅಪ್ಪ ಇಬ್ಬರಿಗೂ ಟೀ ಬಗ್ಗಿಸಿದ. ನನ್ನ ಲೋಟ ತುಂಬಿ ಮೇಜಿನ ಮೇಲೆ ಹರಿಯಿತು, ಅವನು ಇನ್ನೂ ಬಗ್ಗಿಸುತ್ತಲೇ ಇದ್ದ. ಗಮನ ಎಲ್ಲಿದೆ ನಿನಗೆ ಎಂದು ರೇಗಿದೆ. ತಪ್ಪುಗಳ ಯೋಚನೆ ಅವನನ್ನೂ ಕಾಡುತ್ತಿರಬೇಕು. ಪಾಪ ಅನಿಸಿತು, ಆದರೂ ರೇಗಿದೆ.

ನವೆಂಬರ್ 6, ಬುಧವಾರ

ಸಿಕ್ಕಿತು. ಸಂಜೆ ಐದರ ಮೇಲೆ ಬ್ಯಾಟರಿಯ ಶಕ್ತಿಯನ್ನು ಅಷ್ಟಿಷ್ಟು ಕಡಿಮೆ ಎಣಿಸುವ ಒಂದು ಅಂಕಿಯನ್ನು ಲೆಕ್ಕದಲ್ಲಿ ಸೇರಿಸಿದೆ. ನಮ್ಮ ಪ್ರೋಗ್ರಾಮಿನಲ್ಲಿ ಹೆಸರಿಲ್ಲದ ಅಂಕಿಗೆ ಜಾಗವಿಲ್ಲ, ಅದಕ್ಕೆ ‘ಚಳಿ’ ಎಂದು ಹೆಸರಿಟ್ಟೆ. ಸ್ಕ್ರೀನು 15 ಎಂದಿತು, ಉಳಿದದ್ದು 15.

“ಎಷ್ಟು ತಪ್ಪು?”

“ಸೊನ್ನೆ.”

ಅಪ್ಪ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. “ನಿಜವಾಗ್ಲೂ?” ಅಂದ. ನಿಜವಾಗ್ಲೂ ಅಂದೆ. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಶಿಳ್ಳೆ ಹಾಕಿದ. ಅಮ್ಮ ಹೋದ ಮೇಲೆ ನಾನು ಅವನ ಶಿಳ್ಳೆ ಕೇಳಿದ್ದು ಇದೇ ಮೊದಲು. ನನಗೂ ಎಷ್ಟೋ ದಿನದ ಮೇಲೆ ಹಸಿವಾಯಿತು.

ನವೆಂಬರ್ 13, ಬುಧವಾರ

ಸೋಮವಾರ ಮತ್ತೆ ಎರಡು ಕಿಲೋಮೀಟರ್ ಜಾರಿತ್ತು. ಚಳಿಯನ್ನು ಇನ್ನಷ್ಟು ಬಿಗಿ ಮಾಡಿದೆ. ಇವತ್ತು ಸ್ಕ್ರೀನು 13 ಎಂದಿತು, ಉಳಿದದ್ದು 13. ದುಂಡಂಕಿ ಸಾಹೇಬರು ಬೆನ್ನು ತಟ್ಟುವುದೊಂದು ಬಾಕಿ. “ಉಳಿಯೋದು ಸ್ವಲ್ಪ ಕಮ್ಮಿ ಆಯ್ತು, ಆದ್ರೆ ಹೇಳಿದ ಹಾಗೆ ನಡೀತಿದೆಯಲ್ಲ, ಅವರಿಗೆ ಬೇಕಾಗಿರೋದು ಅಷ್ಟೇ,” ಎಂದರು. ಉಳಿಯುವುದು ಇಪ್ಪತ್ತನಾಲ್ಕರಿಂದ ಹದಿಮೂರಕ್ಕೆ ಇಳಿದದ್ದು ನನಗೆ ಇಷ್ಟವಾಗುತ್ತಿಲ್ಲ. ಆದರೆ ಇಷ್ಟಾನಿಷ್ಟಕ್ಕೆ ಸಂಬಳ ಕೊಡುವುದಿಲ್ಲ.

ಸಿಸ್ಟರ್ ಇಳಿಯುವಾಗ ನಗುತ್ತಾ ಹೇಳಿದಳು, “ಅಕ್ಕ, ನಿಮ್ಮಪ್ಪನ ಜೊತೆ ಹೊತ್ತು ಹೋಗೋದೇ ಗೊತ್ತಾಗಲ್ಲ. ನನ್ನನ್ನ ಮುಂದಿನ ಸೀಟಲ್ಲೇ ಕೂರಿಸ್ಕೊಳ್ತಾರೆ. ಇಳೀವಾಗ ತಿರುವು ಬಂದಾಗೆಲ್ಲ ನಾನು ನಂಬರ್ ಹೇಳ್ಬೇಕಂತೆ, ಎದುರಿಗೆ ಏನಾದ್ರೂ ಬಂದ್ರೂ ಹೇಳ್ಬೇಕಂತೆ. ನಲವತ್ತೊಂದು ತಿರುವೂ ಬಾಯಿಪಾಠ ಆಗಿದೆ ನಂಗೆ.”

ಮುದುಕನಿಗೆ ಆಟದ ಚಟ ಎಂದೆ. ಅವಳು ಆಟಾನೇ ಅಕ್ಕ ಎಂದಳು, ಆದರೆ ಅಷ್ಟು ಹೊತ್ತಿಗೆ ನಗು ನಿಂತಿತ್ತು.

ನವೆಂಬರ್ 20, ಬುಧವಾರ

ಈ ವರ್ಷದ ಅತಿ ಚಳಿಯ ದಿನ. ಬೆಳಿಗ್ಗೆ ಶೆಡ್ಡಿನ ನಲ್ಲಿ ಮುಟ್ಟಿದರೆ ಬೆರಳು ಸೆಟೆದುಕೊಂಡಿತು. ಮೇಲೆ ಇನ್ನೂ ಹೆಚ್ಚಂತೆ, ದಿನವಿಡೀ ಹೀಟರ್ ಹಾಕಿಕೊಂಡೇ ಇದ್ದರಂತೆ.

ಆಸ್ಪತ್ರೆಯಲ್ಲಿ ಇವತ್ತು ಸರದಿ ಬೇಗ ಸಿಕ್ಕಿ, ವ್ಯಾನು ಎರಡು ಗಂಟೆಗೇ ಹೊರಟಿತು. ನಾನು ಚಳಿಯ ಅಂಕಿಯನ್ನು ಗಡಿಯಾರಕ್ಕೆ ಕಟ್ಟಿದ್ದೆನಲ್ಲ, ಮಧ್ಯಾಹ್ನಕ್ಕೂ ಅದನ್ನೇ ಹಾಕಲು ಸಿಸ್ಟರಿಗೆ ಫೋನಿನಲ್ಲಿ ಹೇಳಿದೆ. ಸ್ಕ್ರೀನು 12 ಎಂದಿತು.

ಉಳಿದದ್ದು 23.

ಅತಿ ಚಳಿಯ ದಿನ ಬ್ಯಾಟರಿ ಮೊದಲ ವಾರದಷ್ಟೇ ಗಟ್ಟಿಯಾಗಿ ಓಡಿದೆ. ಅಪ್ಪ “ಹನ್ನೊಂದು, ನನ್ನ ಕಡೆಗೆ” ಎಂದು ಲೋಟ ಬಡಿದು ಸಂಭ್ರಮಿಸಿದ. ನಾನೂ ನಕ್ಕೆ. ಕಾರಣ ನಾಳೆ ನೋಡೋಣ.

ನವೆಂಬರ್ 21, ಗುರುವಾರ

ಎಲ್ಲ ದಿನಗಳ ಬ್ರೇಕಿನ ನಕ್ಷೆಯನ್ನು ಒಂದರ ಕೆಳಗೊಂದು ಹಾಕಿದೆ. ಎಲ್ಲೆಲ್ಲಿ ಕೊನೇ ಗಳಿಗೆಯಲ್ಲಿ ಜೋರಾಗಿ ಬ್ರೇಕ್ ತುಳಿದಿದೆಯೋ ಅಲ್ಲಿ ಕೆಂಪು ಚುಕ್ಕೆ ಬರುತ್ತದೆ.

ಮುಚ್ಚಿದೆ. ತಲೆನೋವು.

ನವೆಂಬರ್ 22, ಶುಕ್ರವಾರ

ಮತ್ತೆ ಎಂದಿನ ಹೊತ್ತಿಗೆ ಹೊರಟರು. ಸ್ಕ್ರೀನು 12, ಉಳಿದದ್ದು 12. ತಪ್ಪು ಸೊನ್ನೆ. ಅಪ್ಪನ ಶಿಳ್ಳೆ.

ಇನ್ನು ಎರಡೇ ಓಡಾಟ, ಆಮೇಲೆ 29. ಅಷ್ಟು ದಿನ ಕಳೆದರೆ ಸಾಕು, ಅಪ್ಪನಿಗೆ ನಾನೇ ಏನಾದರೂ ನೆಪ ಹೇಳಿ ಕೆಲಸ ಬಿಡಿಸುತ್ತೇನೆ. ನೆಪ ಯಾವುದೆಂದು ಇನ್ನೂ ಗೊತ್ತಿಲ್ಲ. ಏತಕ್ಕೆ ನೆಪ ಎಂದು ಬರೆಯುವುದೂ ಬೇಡ.

ನವೆಂಬರ್ 25, ಸೋಮವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಕೊನೆಯ ವಾರ, ಒಮ್ಮೆ ಕಣ್ಣಾರೆ ನೋಡಿಕೊಂಡು ಬನ್ನಿ ಎಂದು ಮ್ಯಾನೇಜರ್ ನನ್ನನ್ನೂ ಕಳಿಸಿದರು. ಹೋಗುವಾಗ ಅಪ್ಪ ಹಳೇ ಅಪ್ಪನೇ. ಒಂದು ಕೈ ಸ್ಟಿಯರಿಂಗ್ ಮೇಲೆ, ಯಾವ ತಿರುವಿನಲ್ಲಿ ಯಾವ ವರ್ಷ ಯಾವ ಬಸ್ಸು ಕೆಟ್ಟು ನಿಂತಿತ್ತು ಎಂಬ ಕಥೆ. ಮೇಷ್ಟ್ರು ಅದರಲ್ಲಿ ತಪ್ಪು ಹುಡುಕುವುದು.

ನಾಲ್ಕೂವರೆಗೆ ಹೊರಟೆವು. ಸ್ಕ್ರೀನು 12 ಎಂದಿತು. ನಾನು ಕೊನೆಯ ಸೀಟಿನಲ್ಲಿದ್ದೆ, ನನ್ನ ಎದುರಿನ ಸಾಲಿನಲ್ಲಿ ಮೇಷ್ಟ್ರು, ಡಯಾಲಿಸಿಸ್ ಸೂಜಿ ಚುಚ್ಚಿದ ಕೈಗೆ ಪಟ್ಟಿ ಕಟ್ಟಿಕೊಂಡು ಕಣ್ಣು ಮುಚ್ಚಿದ್ದರು. ಘಾಟಿ ಶುರುವಾಗುವ ಹೊತ್ತಿಗೆ ಸೂರ್ಯ ಬೆಟ್ಟದ ಹಿಂದೆ ಹೋಗಿದ್ದ. ಕತ್ತಲೆ ಅಲ್ಲ, ಕಲ್ಲು ಮರ ಎಲ್ಲ ನನಗೆ ಚೆನ್ನಾಗಿ ಕಾಣುತ್ತಿತ್ತು. ಅಪ್ಪನ ಕಥೆ ನಿಂತಿತು. ಎರಡೂ ಕೈ ಸ್ಟಿಯರಿಂಗ್ ಮೇಲೆ ಬಂದವು, ಮುಖ ಗಾಜಿನ ಹತ್ತಿರ ಹೋಯಿತು. ಸಿಸ್ಟರ್ ಮೆಲ್ಲಗೆ ಎಣಿಸತೊಡಗಿದಳು. ಎಂಟು ಬಂತು ಅಣ್ಣ. ಒಂಬತ್ತು, ಬಲಕ್ಕೆ. ಒಂದೊಂದು ತಿರುವಿಗೂ ನಾವೆಲ್ಲ ಮುಂದಕ್ಕೆ ಮುಗ್ಗರಿಸಿ ಹಿಂದಕ್ಕೆ ಬೀಳುತ್ತಿದ್ದೆವು. ರೋಗಿಗಳೆಲ್ಲ ಆಗಲೇ ಸೀಟಿನ ಹಿಡಿಕೆ ಹಿಡಿದುಕೊಂಡಿದ್ದರು. ಅವರಿಗೆ ಇದು ಅಭ್ಯಾಸವಾಗಿತ್ತು.

ಇಪ್ಪತ್ತೇಳನೇ ತಿರುವು ಕಳೆದು ನೇರ ರಸ್ತೆ. ಅಲ್ಲೊಂದು ಲಾರಿ ಕೆಟ್ಟು ನಿಂತಿತ್ತು, ದೀಪವಿಲ್ಲ, ಹಿಂದೆ ಎರಡು ಕಲ್ಲು ಇಟ್ಟಿದ್ದರು. ಕೊನೆಯ ಸೀಟಿನಿಂದಲೇ ನಾನು ಅದನ್ನು ನೋಡಿದೆ. ಸಿಸ್ಟರ್ ಹಿಂದೆ ತಿರುಗಿ ಯಾರಿಗೋ ಹೊದಿಕೆ ಸರಿಮಾಡುತ್ತಿದ್ದಳು. ಅಪ್ಪ ಕಾಲು ಎತ್ತಲಿಲ್ಲ. ನಾನು ಕೂಗಲಿಲ್ಲ. ಈಗ ತೆಗೆಯುತ್ತಾನೆ, ಈಗ ತೆಗೆಯುತ್ತಾನೆ ಎಂದು ಕಾದೆ. ಮೂವತ್ತೊಂದು ವರ್ಷ ಓಡಿಸಿದವನಿಗೆ ನಾನು ಹೇಳುವುದೇ ಎಂದು ಕಾದೆ. ಸಿಸ್ಟರ್ ತಿರುಗಿ, “ಅಣ್ಣ, ಲಾರಿ,” ಎಂದಾಗಲೇ ಬ್ರೇಕ್ ಬಿದ್ದದ್ದು.

ಲಾರಿಗೆ ಒಂದು ಮೊಳ ಇರುವಾಗ ನಿಂತೆವು. ಮೇಷ್ಟ್ರ ಕೈ ಎದುರಿನ ಕಂಬಿಗೆ ಬಡಿದು ಪಟ್ಟಿ ಕೆಂಪಾಯಿತು. ಆ ಕೈಯ ರಕ್ತ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಸಿಸ್ಟರ್ ಇಪ್ಪತ್ತು ನಿಮಿಷ ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ಅವಳ ತುಟಿ ಬೆಳ್ಳಗಾಗಿತ್ತು. ಮೇಷ್ಟ್ರು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು, “ಏನಾಗಿಲ್ಲ, ಡ್ರೈವರ್ ಸಾಹೇಬ್ರಿಗೆ ಹೇಳಿ, ಏನಾಗಿಲ್ಲ.” ಅಪ್ಪ ಸ್ಟಿಯರಿಂಗ್ ಬಿಡದೆ, ಹಿಂದೆ ತಿರುಗದೆ ಕೂತಿದ್ದ. ರಕ್ತ ನಿಂತ ಮೇಲೆ ಹೊರಟೆವು. ಸಿಸ್ಟರ್ ಈಗ ದೊಡ್ಡ ದನಿಯಲ್ಲೇ ಎಣಿಸಿದಳು.

ಶೆಡ್ಡಿಗೆ ಬಂದಾಗ ಸ್ಕ್ರೀನ್ ನೋಡಿದೆ. ಉಳಿದದ್ದು 12. ಒಂದು ಕಿಲೋಮೀಟರ್ ಕೂಡ ತಪ್ಪಿರಲಿಲ್ಲ.

ಅಪ್ಪ ಎಷ್ಟು ತಪ್ಪು ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ. ಅವನು ತಡವಾಗಿ ಬ್ರೇಕ್ ತುಳಿಯುತ್ತಾನೆ ಎಂಬುದನ್ನು ನನ್ನ ಲೆಕ್ಕ ಮೊದಲೇ ಹಿಡಿದಿಟ್ಟಿತ್ತು. ಅಪ್ಪನಿಗೆ ಸಂಜೆ ಕಣ್ಣು ಕಾಣುವುದಿಲ್ಲ. ನಾನು ಅದಕ್ಕೆ ಚಳಿ ಎಂದು ಹೆಸರಿಟ್ಟು, ಎರಡು ಸಲ ತಿದ್ದಿ, ಸರಿಯಾಗಿ ಕೂರಿಸಿದ್ದೇನೆ. ಗುರುವಾರವೇ ನಕ್ಷೆಯಲ್ಲಿ ನೋಡಿದ್ದೆ. ನೋಡಿಯೂ ಶುಕ್ರವಾರ ಐದು ಜನರನ್ನು ಅವನ ಜೊತೆ ಕಳಿಸಿದೆ, ಇವತ್ತು ಮತ್ತೆ ಕಳಿಸಿದೆ. ತಲೆನೋವು ಎಂದು ಬರೆದಿದ್ದೇನೆ ಹಿಂದಿನ ಪುಟದಲ್ಲಿ.

ನವೆಂಬರ್ 26, ಮಂಗಳವಾರ

ಬೆಳಿಗ್ಗೆ ಬಿಸಿಲು ಬಂದ ಮೇಲೆ ಅಂಗಳದಲ್ಲಿ ಕೂತೆವು. ಅಲ್ಲಾದರೆ ಅವನಿಗೆ ಕಾಣುತ್ತದೆ. ನಕ್ಷೆಯ ಕಾಗದ ಮಂಡಿಯ ಮೇಲಿಟ್ಟೆ. ಒಂದೊಂದು ಗೆರೆ ಒಂದೊಂದು ದಿನ ಅಪ್ಪ, ಎಡಗಡೆ ಒಂದನೇ ತಿರುವು, ಬಲಗಡೆ ನಲವತ್ತೊಂದನೇದು, ಕೆಂಪು ಇರುವಲ್ಲಿ ಜೋರು ಬ್ರೇಕ್ ಎಂದೆ.

ಅವನು ಬೆರಳಿಟ್ಟು ನಿಧಾನವಾಗಿ ನೋಡಿದ. ಅಕ್ಟೋಬರ್ ಮೊದಲ ಗೆರೆಯಲ್ಲಿ ಕೆಂಪೇ ಇಲ್ಲ. ಆಮೇಲೆ ಕೊನೆಯ ನಾಲ್ಕೈದು ತಿರುವಿನಲ್ಲಿ. ನವೆಂಬರ್ ಶುರುವಿಗೆ ಇಪ್ಪತ್ತೈದರಿಂದ. ಹೋದ ವಾರ ಹತ್ತರಿಂದ. ನಡುವೆ ಒಂದೇ ಒಂದು ಗೆರೆ ಪೂರ್ತಿ ಸ್ವಚ್ಛ, ಅದು ಎರಡು ಗಂಟೆಗೆ ಹೊರಟ ದಿನ.

“ದಿನಾ ದಿನಾ ಬೇಗ ಕತ್ತಲಾಗ್ತಾ ಬಂತಲ್ಲ,” ಅಂದ. “ಕೆಂಪೂ ಹಾಗೇ ಘಾಟಿ ಮೇಲಕ್ಕೆ ಹತ್ತಿದೆ.”

“ಯಾಕೆ ಹೇಳ್ಲಿಲ್ಲ ಅಪ್ಪ ನೀನು?”

“ಹೇಳ್ಬೇಕು ಅಂತಿದ್ದೆ ಕಣೇ. ತಪ್ಪು ಆರಾಯ್ತು, ಎಂಟಾಯ್ತು ಅಂದ್ಯಲ್ಲ, ಆಗ್ಲೇ ನಂಗೆ ಅನುಮಾನ. ಇದು ನಂದೇ ಇರ್ಬೇಕು, ಬಿಟ್ಬಿಡೋಣ, ಬೆಳಿಗ್ಗೆ ಎದ್ದು ಹೇಳೋಣ ಅಂತ ಮನಸ್ಸು ಮಾಡ್ಕೊಂಡಿದ್ದೆ.” ಕಾಗದವನ್ನು ಮಡಿಚಿದ, ಮತ್ತೆ ಬಿಡಿಸಿದ. “ಆಮೇಲೆ ನಿನ್ನ ಮೀಟ್ರು ಸರಿಹೋಯ್ತು. ದಿನಾ ಸೊನ್ನೆ ತಪ್ಪು. ನನ್ನ ಓಡ್ಸೋದು ಕೆಟ್ಟಿದ್ರೆ ಅದು ಸುಮ್ನೆ ಇರ್ತಿತ್ತಾ ಅಂದ್ಕೊಂಡೆ. ನನ್ನ ಕಣ್ಣಿಗಿಂತ ನಿನ್ನ ಲೆಕ್ಕಾನೇ ನಂಬಿದೆ.”

ನನಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಆಗಿರಲಿಲ್ಲ. ಆ ಅಂಕಿಯ ಹೆಸರು ಚಳಿ, ಅದನ್ನು ನಾನೇ ಸೇರಿಸಿದ್ದು, ತಪ್ಪು ಸೊನ್ನೆಯಾಗಲಿ ಅಂತಲೇ ಸೇರಿಸಿದ್ದು, ಗುರುವಾರದಿಂದ ನನಗೆ ಗೊತ್ತಿತ್ತು ಎಂದು ಎಲ್ಲವನ್ನೂ ಹೇಳಿದೆ. ಅಳುತ್ತಾ ಹೇಳಿದೆ.

“ಗುರುವಾರದಿಂದ,” ಎಂದ ಅಪ್ಪ, ಅಷ್ಟೇ.

ಜೇಬಿನಿಂದ ವ್ಯಾನಿನ ಕೀ ತೆಗೆದು ನಕ್ಷೆಯ ಮೇಲಿಟ್ಟು ಒಳಗೆ ಹೋದ. ಊಟಕ್ಕೆ ಕರೆದರೆ ಬರಲಿಲ್ಲ.

ನವೆಂಬರ್ 27, ಬುಧವಾರ

ಮ್ಯಾನೇಜರಿಗೆ ಹೇಳಿದೆ. ಬಾಗಿಲು ಹಾಕಿಕೊಂಡು ಬನ್ನಿ ಎಂದರು. “ಇನ್ನೊಂದೇ ಓಡಾಟ ಇರೋದು ಮೇಡಂ. ಶುಕ್ರವಾರ ಒಂದು ದಿನ ನಿಮ್ಮ ತಂದೆಯವರೇ ಓಡಿಸ್ಲಿ, ಎಲ್ಲ ಹೊಂದಿಕೊಂಡಿದೆ. ಚಳಿ ಅಂತಾನೇ ಇರ್ಲಿ. ಹೊರಗೆ ಚಳಿ ಇದೆಯಲ್ಲ, ಸುಳ್ಳೇನಲ್ಲ.”

ಮೇಷ್ಟ್ರ ಪಟ್ಟಿ ಕೆಂಪಾದದ್ದನ್ನು ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ, ಮುಖ ಸಪ್ಪಗಾಯಿತು. “ಆಸ್ಪತ್ರೆಯವರ ಮುಂದೆ ನೀವೇ ಹೇಳ್ಕೊಳ್ಳಿ. ಸರ್ಟಿಫಿಕೇಟ್ ಆಮೇಲೆ ಅಂದಿದ್ದು ನಾನು, ಅದನ್ನ ನಾನು ಹೇಳ್ತೀನಿ,” ಎಂದರು. ಈ ಮನುಷ್ಯನಿಂದ ಇಷ್ಟು ನಿರೀಕ್ಷಿಸಿರಲಿಲ್ಲ.

ಮೇಜಿಗೆ ಬಂದು ಚಳಿಯನ್ನು ಅಳಿಸಿದೆ. ಒಂದೇ ಸಾಲು.

ಇವತ್ತು ರೋಗಿಗಳನ್ನು ಆಸ್ಪತ್ರೆಯ ಹಳೇ ಡೀಸೆಲ್ ಗಾಡಿ ಕರೆದೊಯ್ಯಿತು. ಮಧ್ಯಾಹ್ನ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಡಗಣ್ಣಿಗೆ ಪೊರೆ, ತೆಗೆಯಬಹುದು. ಬಲಗಣ್ಣಿನ ನರ ಒಣಗಿದೆ, ಅದು ಬರುವುದಿಲ್ಲ. ಇನ್ನು ಜನರನ್ನು ಕೂರಿಸಿಕೊಂಡು ಗಾಡಿ ಓಡಿಸುವಂತಿಲ್ಲ. ಅಪ್ಪ ಡಾಕ್ಟರಿಗೆ ಆಯ್ತು ಸ್ವಾಮಿ ಎಂದ. ನನ್ನ ಜೊತೆ ನಿನ್ನೆಯಿಂದ ಒಂದು ಮಾತೂ ಇಲ್ಲ.

ನವೆಂಬರ್ 29, ಶುಕ್ರವಾರ

ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವಾಕೆ ಇವತ್ತಿನ ಡ್ರೈವರ್. ನಲವತ್ತರ ಹೆಂಗಸು, ಕೈ ಗಟ್ಟಿ, ಆದರೆ ಈ ಗಾಡಿ ಹೊಸದು. ಆಸ್ಪತ್ರೆಯ ಇಬ್ಬರು ಅಧಿಕಾರಿಗಳು ಬಂದು ಕೂತರು. ಹೊರಡುವ ಮೊದಲೇ ಅವರಿಗೆ ಎಲ್ಲವನ್ನೂ ಹೇಳಿದೆ. ಇಷ್ಟು ದಿನದ ಸೊನ್ನೆಗಳು ಸುಳ್ಳು, ಅದು ಚಳಿಯಲ್ಲ, ನಮ್ಮ ತಂದೆಯ ಕಣ್ಣು, ಗೊತ್ತಾದ ಮೇಲೂ ಎರಡು ಸಲ ಗಾಡಿ ಕಳಿಸಿದವಳು ನಾನು ಎಂದೆ. ಮ್ಯಾನೇಜರ್ ತಮ್ಮ ಪಾಲಿನದನ್ನು ಹೇಳಿದರು. ಅಧಿಕಾರಿಗಳು ಬರೆದುಕೊಂಡರು. ಮುಖದಲ್ಲಿ ಏನೂ ತಿಳಿಯಲಿಲ್ಲ.

ವ್ಯಾನ್ ಗೇಟಿಗೆ ಬಂದಾಗ ಅಪ್ಪ ಅಲ್ಲಿ ನಿಂತಿದ್ದ. ಗಡ್ಡ ನುಣ್ಣಗೆ, ಶರ್ಟಿಗೆ ಇಸ್ತ್ರಿ. ನನ್ನ ಕಡೆ ನೋಡದೆ ಡ್ರೈವರಿಗೆ ಹೇಳಿದ, “ತಾಯಿ, ಹನ್ನೊಂದನೇ ತಿರುವು ಕಾಣೋಕೆ ಸುಲಭ, ಒಳಗೆ ಮೋಸ. ನಾನು ಪಕ್ಕದಲ್ಲಿ ಕೂತ್ಕೊಳ್ಳಲಾ?” ಸಿಸ್ಟರ್ ಆಗಲೇ ಮುಂದಿನ ಸೀಟು ಬಿಟ್ಟು ಹಿಂದೆ ಬಂದಿದ್ದಳು. ಮೇಷ್ಟ್ರು ಪಟ್ಟಿಯ ಕೈ ಎತ್ತಿ ಅಪ್ಪನಿಗೆ ನಮಸ್ಕಾರ ಮಾಡಿದರು. ಅಪ್ಪ ಅವರ ಕಾಲ ಬಳಿ ಬಗ್ಗಿ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಮೇಷ್ಟ್ರು ಅವನ ಭುಜ ತಟ್ಟಿದರು.

ಸಂಜೆ ನಾಲ್ಕೂವರೆಗೆ ಮೇಲಿಂದ ಹೊರಟೆವು. ಸ್ಕ್ರೀನು 22 ಎಂದಿತು, ನಾಲ್ವರು ಹೆಚ್ಚಿಗೆ ಇದ್ದೆವಲ್ಲ. ಘಾಟಿಯಲ್ಲಿ ಬೆಳಕು ಇಳಿಯುತ್ತಾ ಬಂತು. “ಈಗ ಕಾಲು ತೆಗೀರಿ ತಾಯಿ,” ಎನ್ನುತ್ತಿದ್ದ ಅಪ್ಪ, ತಿರುವು ನಮಗೆ ಕಾಣುವ ಮೊದಲೇ. ನಾನು ಮುಂದೆ ಬಾಗಿ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ. ಗಾಡಿ ವಾಲುವುದರಲ್ಲೇ ಅವನಿಗೆ ದಾರಿ ಗೊತ್ತಾಗುತ್ತಿತ್ತು. ಡ್ರೈವರ್ ದಾರಿ ನೋಡುತ್ತಿದ್ದಳು, ಅಪ್ಪ ಮುಂದಿನದು ಹೇಳುತ್ತಿದ್ದ. ಯಾರೂ ಹಿಡಿಕೆ ಹಿಡಿದುಕೊಂಡಿರಲಿಲ್ಲ. ಇಪ್ಪತ್ತೇಳನೇ ತಿರುವು ಕಳೆದಾಗ ಮಾತ್ರ ಅವನು ಸುಮ್ಮನಾದ, ಡ್ರೈವರ್ ತಾನೇ ನೋಡಿಕೊಂಡಳು.

ಶೆಡ್ಡಿನಲ್ಲಿ ಅಧಿಕಾರಿಗಳು ಸ್ಕ್ರೀನ್ ನೋಡಿದರು, ಬರೆದುಕೊಂಡರು. “ಗಾಡಿ ಸರಿ ಇದೆ. ನಿಮ್ಮನ್ನ ಹೇಗೆ ನಂಬೋದು ಅಂತ ನಾವು ಕೂತು ಮಾತಾಡ್ಬೇಕು,” ಎಂದು ಒಬ್ಬರು ಹೇಳಿದರು. ಪತ್ರ ಬರುತ್ತದಂತೆ. ಕೇಳಿದ ಪ್ರಶ್ನೆ ನ್ಯಾಯವಾದದ್ದೇ.

ಮನೆಗೆ ನಡೆದು ಬರುವಾಗ ಅಪ್ಪ ಹತ್ತು ಹೆಜ್ಜೆ ಹಿಂದಿದ್ದ. ನಾನು ಬೇಗ ಬೇಗ ಹೋಗಿ ಬೀಗ ತೆಗೆದು ಎಲ್ಲ ದೀಪ ಹಾಕಿದೆ, ಮೆಟ್ಟಿಲಿನದು ಮೊದಲು. ಅವನು ಬಂದು ಕಂಬಿ ಹಿಡಿದು ಕೆಳಗಿನ ಮೆಟ್ಟಿಲಲ್ಲಿ ನಿಂತ.

“ಎಷ್ಟು ತಪ್ಪು ಇವತ್ತು?”

“ಎರಡು.”

“ಯಾರ ಕಡೆಗೆ?”

“ನಿನ್ನ ಕಡೆಗೆ ಅಪ್ಪ. ಇಪ್ಪತ್ನಾಲ್ಕು ಉಳೀತು.”

ಹೂಂ ಅಂದ. ನಗಲಿಲ್ಲ. ಬಾಯಲ್ಲೇ ಎಣಿಸುತ್ತಾ ಮೆಟ್ಟಿಲು ಹತ್ತಿದ, ಹದಿನಾಲ್ಕು ಮೆಟ್ಟಿಲು. ಇಷ್ಟು ವರ್ಷ ಈ ಮನೆಯಲ್ಲಿದ್ದೂ ಎಷ್ಟಿವೆ ಎಂದು ನನಗೆ ಗೊತ್ತಿರಲಿಲ್ಲ, ಅವನ ಹಿಂದೆ ನಾನೂ ಎಣಿಸಿದೆ.